ಸೂಕ್ಷ್ಮದರ್ಶಕದ ವರ್ಧನೆ: ಎರಡು ಸಂಗಮ ದೂರಗಳ ಲೆಕ್ಕಾಚಾರ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮಾರ್ಗವಾಗಿ ಚಾರ್ಮಾಡಿ ಘಾಟಿಯತ್ತ ಸಾಗುವ ರಸ್ತೆಯಲ್ಲಿರುವ ಬಣಕಲ್, ಕಾಫಿ, ಕಾಳುಮೆಣಸು ಮತ್ತು ಏಲಕ್ಕಿ ವಹಿವಾಟಿನ ಹೋಬಳಿ ಕೇಂದ್ರ. ಇಂತಹ ಊರುಗಳಲ್ಲಿ ಸರಕಿನ ಗುಣಮಟ್ಟವನ್ನು ಬಹುಕಾಲದಿಂದ ಕಣ್ಣಳತೆ, ಕೈಹಿಡಿತ ಮತ್ತು ವಾಸನೆಗಳಿಂದಲೇ ನಿರ್ಧರಿಸುತ್ತ ಬರಲಾಗಿದೆ. ಆದರೆ ಎಲೆತುಕ್ಕಿನ ಬೀಜಾಣು, ಬೇರನ್ನು ಕೊರೆಯುವ ಜಂತುಹುಳು, ದಾಸ್ತಾನಿಗೆ ತಗಲುವ ಬೂಷ್ಟು, ಪುಡಿಯಲ್ಲಿ ಬೆರೆತ ಚಿಕೋರಿ ಇವು ಬರಿಗಣ್ಣಿಗೆ ಸಿಕ್ಕುವಂತಹವಲ್ಲ. ಆದ್ದರಿಂದ ಬೆಳೆಗಾರರು, ಕಾಫಿ ಪುಡಿ ತಯಾರಕರು ಮತ್ತು ಸಾಂಬಾರ ಪದಾರ್ಥಗಳ ವರ್ತಕರು ಸ್ವಂತಕ್ಕೊಂದು ಸೂಕ್ಷ್ಮದರ್ಶಕವನ್ನು ಹೊಂದಲು ಬಯಸುವುದು ಸಹಜವೇ ಆಗಿದೆ.

ಖರೀದಿಗೆ ಹೊರಟವರಿಗೆ ಎದುರಾಗುವ ಮೊದಲ ಸಂಗತಿಯೆಂದರೆ ಪೆಟ್ಟಿಗೆಯ ಮೇಲಿನ ಅಂಕಿ. ಒಂದರ ಮೇಲೆ 400 ಪಟ್ಟು ಎಂದಿದ್ದರೆ ಇನ್ನೊಂದರ ಮೇಲೆ 1,000, ಮತ್ತೊಂದರ ಮೇಲೆ 2,000 ಪಟ್ಟು ಎಂದು ಮುದ್ರಿಸಿರುತ್ತದೆ. ಕೆಲವೊಮ್ಮೆ ಹೆಚ್ಚು ಅಂಕಿಯ ಉಪಕರಣವೇ ಕಡಿಮೆ ಬೆಲೆಗೆ ದೊರೆಯುವುದೂ ಉಂಟು. ಈ ಅಂಕಿಗಳು ಎಲ್ಲಿಂದ ಹುಟ್ಟುತ್ತವೆ, ಅವುಗಳಲ್ಲಿ ಎಷ್ಟು ಭಾಗ ಉಪಯುಕ್ತ, ಎಷ್ಟು ಭಾಗ ಬರಿಯ ಅಂಕಿ ಎಂಬುದನ್ನು ಅರಿಯದೆ ಹಣ ತೊಡಗಿಸಿದರೆ ನಷ್ಟ ಖಂಡಿತ. ಉಪಕರಣದ ಬೆಲೆಗಿಂತಲೂ ಅದರಲ್ಲಿ ಕಂಡದ್ದನ್ನು ನಂಬಿ ಕೈಗೊಳ್ಳುವ ನಿರ್ಧಾರಗಳ ಬೆಲೆ ದೊಡ್ಡದು. ಇದರ ಲೆಕ್ಕಾಚಾರ ಪ್ರೌಢಶಾಲೆಯ ಗಣಿತವನ್ನು ಮೀರಿದ್ದಲ್ಲ.

ವ್ಯಾಪಾರಕ್ಕೂ ಸೂಕ್ಷ್ಮದರ್ಶಕಕ್ಕೂ ಇರುವ ಹಳೆಯ ನಂಟು

17ನೆಯ ಶತಮಾನದಲ್ಲಿ ಮೊಟ್ಟಮೊದಲು ಸೂಕ್ಷ್ಮಜೀವಿಗಳನ್ನು ಕಂಡು ವಿವರಿಸಿದ ಆಂಟನಿ ವಾನ್ ಲೀವೆನ್‌ಹುಕ್ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವರ್ತಕನಾಗಿದ್ದನು. ಬಟ್ಟೆಯ ನೂಲೆಳೆಗಳನ್ನು ಮಸೂರದಿಂದ ಪರೀಕ್ಷಿಸುವುದು ಆ ವೃತ್ತಿಯವರಲ್ಲಿ ರೂಢಿಯಲ್ಲಿತ್ತು.

ಕಾಫಿ ವ್ಯಾಪಾರಕ್ಕೆ ನೇರವಾಗಿ ಸಂಬಂಧಿಸಿದ ಪ್ರಸಂಗವೊಂದು 1850ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಕಾಫಿ ಪುಡಿಯಲ್ಲಿ ಚಿಕೋರಿ ಬೆರೆತಿರುವುದನ್ನು ರಸಾಯನ ಪರೀಕ್ಷೆಯಿಂದಾಗಲಿ ಬೇರಾವ ವಿಧಾನದಿಂದಾಗಲಿ ಪತ್ತೆಮಾಡಲಾಗದೆಂದು ಅಂದಿನ ಬ್ರಿಟಿಷ್ ಹಣಕಾಸು ಮಂತ್ರಿ ಸರ್ ಚಾರ್ಲ್ಸ್ ವುಡ್ ತಜ್ಞರ ಅಭಿಪ್ರಾಯವನ್ನು ಆಧರಿಸಿ ಸಂಸತ್ತಿನಲ್ಲಿ ತಿಳಿಸಿದ್ದರು. ವೈದ್ಯ ಆರ್ಥರ್ ಹಿಲ್ ಹ್ಯಾಸಲ್ ಅದೇ ವರ್ಷ ಕಾಫಿ ಪುಡಿಯನ್ನು ಸೂಕ್ಷ್ಮದರ್ಶಕದಡಿ ಇರಿಸಿ ಆ ಮಾತು ತಪ್ಪೆಂದು ತೋರಿಸಿದರು. ಕಾಫಿ ಬೀಜದ ಜೀವಕೋಶಗಳ ಗೋಡೆ ದಪ್ಪ. ಬೀಜದ ಮೇಲಿನ ಬೆಳ್ಳಿಪೊರೆಯಲ್ಲಿ ಕದಿರಿನಾಕಾರದ ಗಟ್ಟಿ ಕೋಶಗಳಿರುತ್ತವೆ. ಚಿಕೋರಿಯಾದರೋ ಗಿಡದ ಬೇರು. ಅದರಲ್ಲಿ ತೆಳುಗೋಡೆಯ ಕೋಶಗಳೂ ನೀರು ಸಾಗಿಸುವ ನಾಳಗಳೂ ಎದ್ದು ಕಾಣುತ್ತವೆ. ಹುರಿದು ಪುಡಿಮಾಡಿದರೂ ಈ ಗುರುತುಗಳು ಅಳಿಯುವುದಿಲ್ಲ. ಮುಂದೆ 1851ರಿಂದ 1854ರವರೆಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಗಳು 1860ರ ಬ್ರಿಟಿಷ್ ಕಲಬೆರಕೆ ತಡೆ ಕಾನೂನಿಗೆ ದಾರಿಮಾಡಿಕೊಟ್ಟವು.

ಮಲೆನಾಡಿನ ಚರಿತ್ರೆಯಲ್ಲಿಯೂ ಸೂಕ್ಷ್ಮದರ್ಶಕಕ್ಕೆ ಸ್ಥಾನವಿದೆ. ಕಾಫಿ ಎಲೆಗಳನ್ನು ಕಪ್ಪಾಗಿಸಿ ಕೊಳೆಯಿಸುವ ಶಿಲೀಂಧ್ರಕ್ಕೆ 1876ರಲ್ಲಿ ಎಂ. ಸಿ. ಕುಕ್ ಎಂಬ ಬ್ರಿಟಿಷ್ ವಿಜ್ಞಾನಿ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟರು. ಕನ್ನಡದ ‘ಕೊಳೆರೋಗ’ವೆಂಬ ಪದ ಹೀಗೆ ವಿಜ್ಞಾನದ ಲ್ಯಾಟಿನ್ ನಾಮಾವಳಿಯನ್ನು ಸೇರಿತು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗವನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪಿತವಾದ ಕಾಫಿ ಪ್ರಯೋಗ ಕೇಂದ್ರವು ಇಂದು ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ.

ಒಂಟಿ ಮಸೂರದ ಲೆಕ್ಕ

ಪೀನ ಮಸೂರವೊಂದನ್ನು ಬಿಸಿಲಿಗೆ ಹಿಡಿದು ಕಾಗದದ ಮೇಲೆ ಬೆಳಕಿನ ಚುಕ್ಕೆಯನ್ನು ಮೂಡಿಸಿದಾಗ, ಚುಕ್ಕೆ ಅತ್ಯಂತ ಚಿಕ್ಕದಾಗುವ ನೆಲೆಗೂ ಮಸೂರಕ್ಕೂ ನಡುವಿನ ಅಂತರವೇ ಆ ಮಸೂರದ ಸಂಗಮ ದೂರ. ಮಸೂರ ಹೆಚ್ಚು ಉಬ್ಬಿದ್ದಷ್ಟೂ ಸಂಗಮ ದೂರ ಕಡಿಮೆ.

ಒಂದು ಪದಾರ್ಥವನ್ನು ದೊಡ್ಡದಾಗಿ ಕಾಣಬೇಕಾದರೆ ಅದನ್ನು ಕಣ್ಣಿನ ಹತ್ತಿರಕ್ಕೆ ತರಬೇಕು. ಆದರೆ ಸುಮಾರು 250 ಮಿಲಿಮೀಟರಿಗಿಂತ ಹತ್ತಿರ ತಂದರೆ ಸಾಮಾನ್ಯ ಕಣ್ಣಿಗೆ ಆಯಾಸವಾಗಿ ನೋಟ ಮಸುಕಾಗುತ್ತದೆ. ಈ 250 ಮಿ.ಮೀ. ಅಂತರವನ್ನೇ ಸ್ಪಷ್ಟ ದೃಷ್ಟಿಯ ಕನಿಷ್ಠ ದೂರವೆಂದು ಲೋಕದೆಲ್ಲೆಡೆ ಅಂಗೀಕರಿಸಲಾಗಿದೆ. ಮಸೂರದ ನೆರವಿನಿಂದ ಪದಾರ್ಥವನ್ನು ಅದರ ಸಂಗಮ ದೂರದಷ್ಟು ಹತ್ತಿರದಲ್ಲಿರಿಸಿಯೂ ಸ್ಪಷ್ಟವಾಗಿ ನೋಡಬಹುದು. ಆದ್ದರಿಂದ ಒಂಟಿ ಮಸೂರದ ವರ್ಧನೆಯನ್ನು ತಿಳಿಯಲು 250ನ್ನು ಮಿಲಿಮೀಟರಿನಲ್ಲಿರುವ ಸಂಗಮ ದೂರದಿಂದ ಭಾಗಿಸಿದರೆ ಸಾಕು. ಸಂಗಮ ದೂರ 25 ಮಿ.ಮೀ. ಇದ್ದರೆ ವರ್ಧನೆ 10 ಪಟ್ಟು, 50 ಮಿ.ಮೀ. ಇದ್ದರೆ 5 ಪಟ್ಟು.

ಇದೇ ಲೆಕ್ಕದಲ್ಲಿ ಒಂಟಿ ಮಸೂರದ ಮಿತಿಯೂ ಅಡಗಿದೆ. ಲೀವೆನ್‌ಹುಕ್‌ನ ಉಳಿದುಬಂದಿರುವ ಉಪಕರಣಗಳ ಪೈಕಿ ಉಟ್ರೆಕ್ಟ್ ನಗರದಲ್ಲಿರುವ ಒಂದು ಸುಮಾರು 266 ಪಟ್ಟು ವರ್ಧಿಸುತ್ತದೆ. ಅಷ್ಟು ವರ್ಧನೆಗೆ ಸಂಗಮ ದೂರವು ಒಂದು ಮಿಲಿಮೀಟರಿಗಿಂತಲೂ ಕಡಿಮೆಯಿರಬೇಕು. ಅಂದರೆ ಮಸೂರವು ಸಾಸಿವೆ ಕಾಳಿಗೆ ಹೋಲಿಸಬಹುದಾದ ಗಾಜಿನ ಮಣಿ. ಅದನ್ನು ಕಣ್ಣಿಗೆ ಒತ್ತಿಕೊಂಡೇ ನೋಡಬೇಕು. ದಿನವಿಡೀ ಮಾದರಿಗಳನ್ನು ಪರೀಕ್ಷಿಸುವವರಿಗೆ ಇದು ಅಸಾಧ್ಯವಾದ ಕೆಲಸ. ಈ ತೊಡಕನ್ನು ಸಂಯುಕ್ತ ಸೂಕ್ಷ್ಮದರ್ಶಕವು ವರ್ಧನೆಯ ಹೊರೆಯನ್ನು ಎರಡು ಮಸೂರಗಳಿಗೆ ಹಂಚಿ ಪರಿಹರಿಸುತ್ತದೆ.

ಎರಡು ಮಸೂರಗಳು, ಎರಡು ಹಂತಗಳು

ಸಂಯುಕ್ತ ಸೂಕ್ಷ್ಮದರ್ಶಕದಲ್ಲಿ ಮಾದರಿಯ ಸಮೀಪವಿರುವುದು ವಸ್ತು ಮಸೂರ. ಕಣ್ಣಿನ ಸಮೀಪವಿರುವುದು ನೇತ್ರ ಮಸೂರ. ಎರಡೂ ವಾಸ್ತವವಾಗಿ ಹಲವು ಗಾಜುಗಳ ಜೋಡಣೆಗಳೇ ಆಗಿದ್ದರೂ, ಲೆಕ್ಕದ ಮಟ್ಟಿಗೆ ಪ್ರತಿಯೊಂದು ಜೋಡಣೆಯನ್ನೂ ಒಂದು ನಿರ್ದಿಷ್ಟ ಸಂಗಮ ದೂರವುಳ್ಳ ಒಂದೇ ಮಸೂರವೆಂದು ಪರಿಗಣಿಸಬಹುದು.

ಮೊದಲ ಹಂತದಲ್ಲಿ ಮಾದರಿಯನ್ನು ವಸ್ತು ಮಸೂರದ ಸಂಗಮ ದೂರಕ್ಕಿಂತ ಸ್ವಲ್ಪವೇ ಆಚೆಗೆ ಇರಿಸಲಾಗುತ್ತದೆ. ಆಗ ಕೊಳವೆಯ ಮೇಲ್ಭಾಗದಲ್ಲಿ ಮಾದರಿಯ ದೊಡ್ಡದಾದ, ತಲೆಕೆಳಗಾದ ಸತ್ಯ ಪ್ರತಿಬಿಂಬ ಮೂಡುತ್ತದೆ. ಗಾಜಿನ ಪಟ್ಟಿಯನ್ನು ಎಡಕ್ಕೆ ಸರಿಸಿದರೆ ನೋಟವು ಬಲಕ್ಕೆ ಸರಿಯುವುದಕ್ಕೆ ಇದೇ ಕಾರಣ. ಎರಡನೆಯ ಹಂತದಲ್ಲಿ ನೇತ್ರ ಮಸೂರವು ಆ ಪ್ರತಿಬಿಂಬವನ್ನು ಸಾಧಾರಣ ಕೈಮಸೂರದಂತೆಯೇ ಹಿಗ್ಗಿಸಿ ತೋರಿಸುತ್ತದೆ.

ಮೊದಲ ಹಂತದ ವರ್ಧನೆಯನ್ನು ನಿರ್ಧರಿಸುವುದು ಎರಡು ಅಂತರಗಳು: ವಸ್ತು ಮಸೂರದ ಸಂಗಮ ದೂರ ಮತ್ತು ಕೊಳವೆಯ ದ್ಯುತಿ ಉದ್ದ. ವಸ್ತು ಮಸೂರದ ಹಿಂಬದಿಯ ಸಂಗಮ ಬಿಂದುವಿನಿಂದ ಸತ್ಯ ಪ್ರತಿಬಿಂಬ ಮೂಡುವ ನೆಲೆಯವರೆಗಿನ ಅಂತರವೇ ದ್ಯುತಿ ಉದ್ದ. ಇದನ್ನು ಸಂಗಮ ದೂರದಿಂದ ಭಾಗಿಸಿದರೆ ಮೊದಲ ಹಂತದ ವರ್ಧನೆ ದೊರೆಯುತ್ತದೆ.

ಉದಾಹರಣೆಗೆ, ದ್ಯುತಿ ಉದ್ದ 160 ಮಿ.ಮೀ. ಮತ್ತು ವಸ್ತು ಮಸೂರದ ಸಂಗಮ ದೂರ 16 ಮಿ.ಮೀ. ಎಂದಿಟ್ಟುಕೊಳ್ಳಬಹುದು. 160ನ್ನು 16ರಿಂದ ಭಾಗಿಸಿದರೆ 10. ಮಸೂರದ ಸೂತ್ರದಿಂದಲೂ ಇದು ತಾಳೆಯಾಗುತ್ತದೆ: ಮಾದರಿ ಮಸೂರದಿಂದ 17.6 ಮಿ.ಮೀ. ಕೆಳಗಿದ್ದರೆ ಪ್ರತಿಬಿಂಬವು 176 ಮಿ.ಮೀ. ಮೇಲೆ ಮೂಡುತ್ತದೆ, 176ನ್ನು 17.6ರಿಂದ ಭಾಗಿಸಿದರೂ 10. ಸಂಗಮ ದೂರವನ್ನು 4 ಮಿ.ಮೀ.ಗೆ ಇಳಿಸಿದರೆ ವರ್ಧನೆ 40 ಪಟ್ಟಿಗೆ ಏರುತ್ತದೆ. ಆಗ ಮಾದರಿ ಇರಬೇಕಾದ ದೂರ 4.1 ಮಿ.ಮೀ.; ಅಂದರೆ ಸಂಗಮ ಬಿಂದುವಿನಿಂದ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ ಆಚೆಗೆ. ಹೆಚ್ಚಿನ ವರ್ಧನೆಯಲ್ಲಿ ಸೂಕ್ಷ್ಮ ಹೊಂದಾಣಿಕೆಯ ತಿರುಪು ಅನಿವಾರ್ಯವಾಗುವುದೂ, ತಿರುಪು ಸಡಿಲವಾಗಿರುವ ಅಗ್ಗದ ಉಪಕರಣದಲ್ಲಿ ನೋಟ ನಿಲ್ಲದಿರುವುದೂ ಇದರಿಂದಲೇ.

ಎರಡನೆಯ ಹಂತದ ಲೆಕ್ಕ ಒಂಟಿ ಮಸೂರದ್ದೇ: 250ನ್ನು ನೇತ್ರ ಮಸೂರದ ಸಂಗಮ ದೂರದಿಂದ ಭಾಗಿಸಬೇಕು. ಎರಡೂ ಹಂತಗಳ ವರ್ಧನೆಗಳನ್ನು ಪರಸ್ಪರ ಗುಣಿಸಿದರೆ ಒಟ್ಟು ವರ್ಧನೆ ಸಿಗುತ್ತದೆ. ದ್ಯುತಿ ಉದ್ದ 160 ಮಿ.ಮೀ., ನೇತ್ರ ಮಸೂರದ ಸಂಗಮ ದೂರ 25 ಮಿ.ಮೀ. ಇರುವಾಗ ದೊರೆಯುವ ಫಲ ಹೀಗಿದೆ:

ವಸ್ತು ಮಸೂರ 40 ಮಿ.ಮೀ.: 4 × 10 = 40 ಪಟ್ಟು
ವಸ್ತು ಮಸೂರ 16 ಮಿ.ಮೀ.: 10 × 10 = 100 ಪಟ್ಟು
ವಸ್ತು ಮಸೂರ 4 ಮಿ.ಮೀ.: 40 × 10 = 400 ಪಟ್ಟು
ವಸ್ತು ಮಸೂರ 1.6 ಮಿ.ಮೀ.: 100 × 10 = 1,000 ಪಟ್ಟು

ಲೀವೆನ್‌ಹುಕ್‌ನ 266 ಪಟ್ಟಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ಸಂಗಮ ದೂರ ಬೇಕಾಗಿತ್ತು. ಇಲ್ಲಿ 4 ಮತ್ತು 25 ಮಿ.ಮೀ.ಗಳ ಎರಡು ಮಸೂರಗಳಿಂದ 400 ಪಟ್ಟು ಸಾಧ್ಯವಾಗಿದೆ, ಕಣ್ಣಿಗೂ ನೆಮ್ಮದಿಯಾಗಿದೆ.

ಕೊಳವೆಯ ಉದ್ದ ಮತ್ತು ಬಿಡಿಭಾಗಗಳ ಹೊಂದಾಣಿಕೆ

ವಸ್ತು ಮಸೂರದ ಮೇಲೆ ಕೆತ್ತಿರುವ 10× ಅಥವಾ 40× ಎಂಬ ಅಂಕಿಯು ನಿಗದಿತ ಕೊಳವೆಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಬಿಡಿಭಾಗ ಕೊಳ್ಳುವವರು ಗಮನಿಸಬೇಕು. ಹಳೆಯ ಮಾದರಿಯ ಹಾಗೂ ಶಾಲಾ ಕಾಲೇಜುಗಳ ಉಪಕರಣಗಳಲ್ಲಿ ಕೊಳವೆಯ ಯಾಂತ್ರಿಕ ಉದ್ದ ಸಾಮಾನ್ಯವಾಗಿ 160 ಮಿ.ಮೀ. ಇರುತ್ತದೆ. ಅವುಗಳ ವಸ್ತು ಮಸೂರದ ಮೇಲೆ ‘160/0.17’ ಎಂಬ ಗುರುತಿರುತ್ತದೆ. 0.17 ಎಂಬುದು ಮಾದರಿಯ ಮೇಲೆ ಮುಚ್ಚುವ ತೆಳುಗಾಜಿನ ದಪ್ಪ, ಮಿಲಿಮೀಟರಿನಲ್ಲಿ.

ಇಂದಿನ ಹಲವು ಉಪಕರಣಗಳಲ್ಲಿ ‘∞/0.17’ ಎಂಬ ಗುರುತಿರುತ್ತದೆ. ಇವುಗಳಲ್ಲಿ ವಸ್ತು ಮಸೂರದಿಂದ ಹೊರಟ ಕಿರಣಗಳು ಸಮಾನಾಂತರವಾಗಿ ಸಾಗಿ, ಕೊಳವೆಯೊಳಗಿನ ಮೂರನೆಯ ಮಸೂರವೊಂದರಿಂದ ಪ್ರತಿಬಿಂಬವಾಗಿ ಕೂಡುತ್ತವೆ. ಆಗ ಮೊದಲ ಹಂತದ ವರ್ಧನೆಯೆಂದರೆ ಕೊಳವೆ ಮಸೂರದ ಸಂಗಮ ದೂರವನ್ನು ವಸ್ತು ಮಸೂರದ ಸಂಗಮ ದೂರದಿಂದ ಭಾಗಿಸಿದ ಲಬ್ಧ. ಈ ಕೊಳವೆ ಮಸೂರದ ಸಂಗಮ ದೂರವನ್ನು ನಿಕಾನ್ ಮತ್ತು ಲೈಕಾ ಸಂಸ್ಥೆಗಳು 200 ಮಿ.ಮೀ., ಒಲಿಂಪಸ್ 180 ಮಿ.ಮೀ., ಜೈಸ್ 165 ಮಿ.ಮೀ. ಎಂದು ಇರಿಸಿಕೊಂಡಿವೆ. ಹೀಗಾಗಿ 180 ಮಿ.ಮೀ.ಗೆ ರೂಪಿಸಿದ 10× ಮಸೂರದ ಸಂಗಮ ದೂರ 18 ಮಿ.ಮೀ.; ಅದನ್ನೇ 200 ಮಿ.ಮೀ. ಪದ್ಧತಿಯ ಉಪಕರಣಕ್ಕೆ ಜೋಡಿಸಿದರೆ ವರ್ಧನೆ ಸುಮಾರು 11.1 ಪಟ್ಟಾಗುತ್ತದೆ. ಬೀಜಾಣುಗಳ ಅಳತೆ ತೆಗೆಯುವಲ್ಲಿ ಇದು ನೂರಕ್ಕೆ ಹನ್ನೊಂದರಷ್ಟು ತಪ್ಪು. ಇನ್ನು ‘160’ ಗುರುತಿನ ಮಸೂರವನ್ನು ‘∞’ ಗುರುತಿನ ಉಪಕರಣಕ್ಕೆ ಹಾಕಿದರೆ ನೋಟವೇ ಸರಿಯಾಗಿ ಕೂಡುವುದಿಲ್ಲ. ತಿರುಪು ಹೊಂದಿದ ಮಾತ್ರಕ್ಕೆ ಮಸೂರ ಹೊಂದಿತೆಂದು ಭಾವಿಸಬಾರದು.

ಅಂಕಿಯು ಬೆಳೆದರೂ ವಿವರ ಬೆಳೆಯದಿರುವುದು

ಈಗ ಮುಖ್ಯ ಪ್ರಶ್ನೆ. ನೇತ್ರ ಮಸೂರದ ಸಂಗಮ ದೂರವನ್ನು 25ರಿಂದ 12.5 ಮಿ.ಮೀ.ಗೆ ಇಳಿಸಿದರೆ ಅದರ ವರ್ಧನೆ 20 ಪಟ್ಟಾಗಿ, 1,000 ಪಟ್ಟಿನ ಉಪಕರಣವು 2,000 ಪಟ್ಟಿನದಾಗುತ್ತದೆ. ಗಣಿತದ ಪ್ರಕಾರ ಈ ಅಂಕಿ ಸುಳ್ಳಲ್ಲ. ತಯಾರಕರಿಗೆ ತಗಲುವ ಹೆಚ್ಚುವರಿ ವೆಚ್ಚವೂ ಅಲ್ಪ. ಆದರೆ ಕೊಂಡವರಿಗೆ ಹೊಸದಾಗಿ ಏನೂ ಕಾಣುವುದಿಲ್ಲ.

ವಸ್ತು ಮಸೂರವು ಮಾದರಿಯಿಂದ ಎಷ್ಟು ಅಗಲವಾದ ಬೆಳಕಿನ ಶಂಕುವನ್ನು ಸ್ವೀಕರಿಸುತ್ತದೆ ಎಂಬುದರ ಅಳತೆಗೆ ನ್ಯೂಮರಿಕಲ್ ಅಪರ್ಚರ್, ಸಂಕ್ಷಿಪ್ತವಾಗಿ ಎನ್.ಎ., ಎನ್ನುತ್ತಾರೆ. ಮಸೂರದ ಮೇಲೆ 40/0.65 ಎಂದಿದ್ದರೆ 40 ಅದರ ವರ್ಧನೆ, 0.65 ಅದರ ಎನ್.ಎ. ಎರಡು ಸಮೀಪದ ಚುಕ್ಕೆಗಳನ್ನು ಬೇರೆ ಬೇರೆಯಾಗಿ ತೋರಿಸುವ ಶಕ್ತಿ ಈ ಎನ್.ಎ.ಯನ್ನು ಅವಲಂಬಿಸಿದೆಯೇ ಹೊರತು ವರ್ಧನೆಯನ್ನಲ್ಲ. ಹಸಿರು ಬೆಳಕಿನಲ್ಲಿ 0.65 ಎನ್.ಎ. ಮಸೂರಕ್ಕೆ ಈ ಮಿತಿ ಸುಮಾರು 0.52 ಮೈಕ್ರಾನ್, ಎಣ್ಣೆ ಬಿಟ್ಟು ನೋಡುವ 100/1.25 ಮಸೂರಕ್ಕೆ ಸುಮಾರು 0.27 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಬೆಳಕಿನ ಅಲೆಯ ಸ್ವರೂಪದಿಂದಲೇ ಉಂಟಾಗುವ ಈ ಮಿತಿಯನ್ನು ಜರ್ಮನಿಯ ಎರ್ನ್ಸ್ಟ್ ಅಬೆ 1873ರಲ್ಲಿ ಪ್ರಕಟಿಸಿದರು. ಕಾರ್ಲ್ ಜೈಸ್ 1846ರಲ್ಲಿ ಯೇನಾ ನಗರದಲ್ಲಿ ಆರಂಭಿಸಿದ್ದ ಸಣ್ಣ ಕಾರ್ಯಾಗಾರಕ್ಕೆ ಅಬೆ 1866ರಲ್ಲಿ ಸೇರಿದ್ದರು. ಅಲ್ಲಿಯವರೆಗೆ ಮಸೂರಗಳನ್ನು ಉಜ್ಜಿ, ಜೋಡಿಸಿ, ನೋಡಿ, ಮತ್ತೆ ಉಜ್ಜುತ್ತಿದ್ದ ಕುಶಲಕರ್ಮಿಗಳ ಪದ್ಧತಿಗೆ ಬದಲಾಗಿ ಮೊದಲೇ ಲೆಕ್ಕಹಾಕಿ ತಯಾರಿಸುವ ಪದ್ಧತಿ ಬಂದುದರಿಂದಲೇ ಆ ಕಾರ್ಯಾಗಾರ ಜಗತ್ಪ್ರಸಿದ್ಧ ಉದ್ಯಮವಾಗಿ ಬೆಳೆಯಿತು. ಸಣ್ಣ ಕೈಗಾರಿಕೋದ್ಯಮಿಗಳು ಮನನ ಮಾಡಬೇಕಾದ ಸಂಗತಿಯಿದು.

ರೂಢಿಯ ನಿಯಮದಂತೆ ಉಪಯುಕ್ತ ವರ್ಧನೆಯು ಎನ್.ಎ.ಯ 500ರಿಂದ 1,000 ಪಟ್ಟಿನೊಳಗೆ ಇರಬೇಕು. 0.65 ಎನ್.ಎ. ಇರುವ ಮಸೂರಕ್ಕೆ ಗರಿಷ್ಠ 650 ಪಟ್ಟು, 1.25ಕ್ಕೆ ಗರಿಷ್ಠ 1,250 ಪಟ್ಟು. ಅದನ್ನು ಮೀರಿದ್ದು ಪೊಳ್ಳು ವರ್ಧನೆ. ವೃತ್ತಪತ್ರಿಕೆಯ ಚಿತ್ರವನ್ನು ಹಿಗ್ಗಿಸಿದರೆ ಮುಖದ ಹೊಸ ವಿವರಗಳು ಕಾಣದೆ ಶಾಯಿಯ ಚುಕ್ಕೆಗಳೇ ದೊಡ್ಡದಾಗುವಂತೆ, ಇಲ್ಲಿಯೂ ಮಸುಕೇ ದೊಡ್ಡದಾಗುತ್ತದೆ. ಪೆಟ್ಟಿಗೆಯ ಮೇಲಿನ 2,000 ಪಟ್ಟು ಎಂಬುದರ ನಿಜಾಂಶ ಇಷ್ಟೇ.

ಒಂದೇ ಅಂಕಿಯ ಎರಡು ಉಪಕರಣಗಳೂ ಸಮಾನವಲ್ಲ. 40/0.65 ಮಸೂರಕ್ಕೆ 10× ನೇತ್ರ ಮಸೂರ ಜೋಡಿಸಿದರೆ 400 ಪಟ್ಟು, 20/0.40 ಮಸೂರಕ್ಕೆ 20× ನೇತ್ರ ಮಸೂರ ಜೋಡಿಸಿದರೂ 400 ಪಟ್ಟು. ಮೊದಲನೆಯದರಲ್ಲಿ 0.52 ಮೈಕ್ರಾನಿನ ಅಂತರ ಬೇರ್ಪಟ್ಟು ಕಾಣುತ್ತದೆ, ಎರಡನೆಯದರಲ್ಲಿ 0.84 ಮೈಕ್ರಾನಿಗಿಂತ ಕಡಿಮೆಯಾದುದು ಕಾಣುವುದಿಲ್ಲ. ಆದ್ದರಿಂದ ಖರೀದಿದಾರರು ಕೇಳಬೇಕಾದ ಪ್ರಶ್ನೆ ‘ಎಷ್ಟು ಪಟ್ಟು?’ ಎಂಬುದಲ್ಲ, ‘ವಸ್ತು ಮಸೂರದ ವರ್ಧನೆ ಎಷ್ಟು, ಅದರ ಎನ್.ಎ. ಎಷ್ಟು?’ ಎಂಬುದು. ಗಣಕಯಂತ್ರಕ್ಕೆ ಜೋಡಿಸುವ ಅಂಕೀಯ ಉಪಕರಣಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಒಂದು ಮಿಲಿಮೀಟರ್ ಅಗಲದ ದೃಶ್ಯವನ್ನು 300 ಮಿ.ಮೀ. ಅಗಲದ ಪರದೆಯಲ್ಲಿ ತೋರಿಸಿದರೆ 300 ಪಟ್ಟು. ಅದೇ ದೃಶ್ಯವನ್ನು 600 ಮಿ.ಮೀ. ಪರದೆಗೆ ವರ್ಗಾಯಿಸಿದರೆ 600 ಪಟ್ಟು. ಮಸೂರ ಬದಲಾಗಿಲ್ಲ, ವಿವರ ಹೆಚ್ಚಿಲ್ಲ, ಪರದೆ ಮಾತ್ರ ದೊಡ್ಡದಾಗಿದೆ.

ಕಾಫಿ ನಾಡಿನ ಅಗತ್ಯಗಳಿಗೆ ಎಷ್ಟು ವರ್ಧನೆ ಸಾಕು?

1. ಕಾಯಿಕೊರಕ: ದೇಶದಲ್ಲಿ ಮೊದಲಿಗೆ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡುಬಂದ ಈ ದುಂಬಿಯ ಉದ್ದ ಎರಡು ಮಿಲಿಮೀಟರಿನೊಳಗೆ. ಇದನ್ನೂ ಕಾಯಿಯ ತುದಿಯ ರಂಧ್ರವನ್ನೂ ಗುರುತಿಸಲು 25 ಮಿ.ಮೀ. ಸಂಗಮ ದೂರದ 10× ಕೈಮಸೂರ ಸಾಕು. ಇಡಿ ಕಾಳುಮೆಣಸಿನಲ್ಲಿ ಬೆರೆಸಿದ ಪರಂಗಿ ಬೀಜವನ್ನು ಪತ್ತೆಮಾಡಲೂ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

2. ಬೇರಿನ ಜಂತುಹುಳು: ಕಾಫಿಯ ಬೇರಿನಲ್ಲಿ ಗಾಯಗಳನ್ನುಂಟುಮಾಡುವ ಪ್ರಾಟಿಲೆಂಕಸ್ ಜಾತಿಯ ಹುಳುಗಳ ಉದ್ದ ಸುಮಾರು ಅರ್ಧ ಮಿಲಿಮೀಟರ್. ಬೇರನ್ನು ನೀರಿನಲ್ಲಿ ಇರಿಸಿ ಹೊರಬಂದ ಹುಳುಗಳನ್ನು ನೋಡಲು 40ರಿಂದ 100 ಪಟ್ಟು ಸಾಕಾಗುತ್ತದೆ. ಜಾತಿಯನ್ನು ನಿರ್ಧರಿಸುವುದು ಮಾತ್ರ ತಜ್ಞರ ಕೆಲಸ.

3. ಎಲೆತುಕ್ಕು: 1869ರಲ್ಲಿ ಸಿಂಹಳದ ಮಾದರಿಗಳಿಂದ ಬರ್ಕ್ಲಿ ಮತ್ತು ಬ್ರೂಮ್ ಎಂಬ ವಿಜ್ಞಾನಿಗಳು ವಿವರಿಸಿದ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಶಿಲೀಂಧ್ರದ ಬೀಜಾಣು ಸುಮಾರು 30 ಮೈಕ್ರಾನ್ ಉದ್ದವಿರುತ್ತದೆ. ಬರಿಗಣ್ಣಿಗೆ ಕಾಣುವುದು ಕಿತ್ತಳೆ ಬಣ್ಣದ ಹುಡಿ ಮಾತ್ರ. 100 ಪಟ್ಟು ವರ್ಧಿಸಿದಾಗ ಒಂದೊಂದು ಬೀಜಾಣುವೂ 3 ಮಿ.ಮೀ.ನಷ್ಟು, 400 ಪಟ್ಟಿನಲ್ಲಿ 12 ಮಿ.ಮೀ.ನಷ್ಟು ದೊಡ್ಡದಾಗಿ ತೋರುತ್ತದೆ. ‘ಹೆಮಿಲಿಯಾ’ ಎಂದರೆ ಅರ್ಧ ನುಣುಪು. ಬೀಜಾಣುವಿನ ಒಂದು ಮಗ್ಗುಲು ನುಣುಪಾಗಿಯೂ ಇನ್ನೊಂದು ಮಗ್ಗುಲು ಮುಳ್ಳುಮುಳ್ಳಾಗಿಯೂ ಇರುವುದು ಇದರ ಗುರುತು. ಆ ಮುಳ್ಳುಗಳನ್ನು ಕಾಣಲು 40/0.65 ಮಸೂರ ಬೇಕು; 20× ನೇತ್ರ ಮಸೂರ ಬೇಕಿಲ್ಲ.

4. ಚಿಕೋರಿ: ಪುಡಿಯಲ್ಲಿ ಚಿಕೋರಿಯ ನಾಳಗಳನ್ನು ಗುರುತಿಸಲು 100 ಪಟ್ಟು ಸಾಕು. ಭಾರತದ ಆಹಾರ ಸುರಕ್ಷತಾ ನಿಯಮಗಳಂತೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿಯ ಅಂಶ ತೂಕದಲ್ಲಿ ಶೇಕಡ 51ಕ್ಕಿಂತ ಕಡಿಮೆಯಿರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಿರಬೇಕು. ಸೂಕ್ಷ್ಮದರ್ಶಕವು ಚಿಕೋರಿ ಇದೆಯೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ. ಶೇಕಡಾವಾರು ಎಷ್ಟೆಂಬುದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಆಧಾರ.

5. ಬೂಷ್ಟು: ಸರಿಯಾಗಿ ಒಣಗದ ಕಾಫಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟಿನ ಬೀಜಾಣುಗಳು ಕೇವಲ 3 ಮೈಕ್ರಾನಿನ ಆಸುಪಾಸಿನವು. ಇವಕ್ಕೆ 400 ಪಟ್ಟು ಬೇಕು. ಆದರೆ ಬೂಷ್ಟು ಉತ್ಪಾದಿಸುವ ಆಕ್ರಟಾಕ್ಸಿನ್ ಎಂಬ ವಿಷವಸ್ತು ಯಾವ ವರ್ಧನೆಯಲ್ಲಿಯೂ ಕಾಣುವುದಿಲ್ಲ. ಐರೋಪ್ಯ ಒಕ್ಕೂಟವು 2023ರ ಜನವರಿಯಿಂದ ಹುರಿದ ಕಾಫಿಗೆ ಇದರ ಮಿತಿಯನ್ನು ಕಿಲೋಗ್ರಾಮಿಗೆ 5 ಮೈಕ್ರೋಗ್ರಾಮಿನಿಂದ 3ಕ್ಕೆ ಇಳಿಸಿದೆ. ಸೂಕ್ಷ್ಮದರ್ಶಕದಲ್ಲಿ ಬೂಷ್ಟು ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ರಫ್ತು ಸರಕನ್ನು ಸುರಕ್ಷಿತವೆಂದು ಭಾವಿಸುವುದು ಅಪಾಯಕರ.

ಮೇಲಿನ ಪಟ್ಟಿಯಲ್ಲಿ ಯಾವ ಕೆಲಸಕ್ಕೂ 400 ಪಟ್ಟಿಗಿಂತ ಹೆಚ್ಚಿನ ವರ್ಧನೆ ಬೇಕಾಗಿಲ್ಲವೆಂಬುದು ಗಮನಾರ್ಹ. 4×, 10× ಮತ್ತು 40×/0.65 ವಸ್ತು ಮಸೂರಗಳು, ಒಂದು ಜೊತೆ 10× ನೇತ್ರ ಮಸೂರ, ಗಟ್ಟಿಯಾದ ಪೀಠ, ಸಡಿಲವಿಲ್ಲದ ತಿರುಪು ಇವಿಷ್ಟೇ ಇಲ್ಲಿನ ಅಗತ್ಯ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಕೆತ್ತಿದ ಅಂಕಿ ನಿಜವೇ ಎಂಬುದನ್ನು ಅರಿಯಲು ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯೊಂದು ಸಾಕು. ನೇತ್ರ ಮಸೂರದ ಮೇಲೆ 10×/18 ಎಂದಿದ್ದರೆ 18 ಅದರ ಕ್ಷೇತ್ರ ಸಂಖ್ಯೆ. ಇದನ್ನು ವಸ್ತು ಮಸೂರದ ವರ್ಧನೆಯಿಂದ ಭಾಗಿಸಿದರೆ ಕಾಣುವ ವೃತ್ತದ ವ್ಯಾಸ ಮಿಲಿಮೀಟರಿನಲ್ಲಿ ದೊರೆಯುತ್ತದೆ. 4× ಮಸೂರದಲ್ಲಿ ಅಳತೆಪಟ್ಟಿಯ 4.5 ಮಿ.ಮೀ. ಕಾಣಬೇಕು; 10×ನಲ್ಲಿ 1.8 ಮಿ.ಮೀ. ಹೆಚ್ಚು ಕಂಡರೆ ನಿಜವಾದ ವರ್ಧನೆ ಹೇಳಿದ್ದಕ್ಕಿಂತ ಕಡಿಮೆ ಎಂದರ್ಥ. 40×ನಲ್ಲಿ ವೃತ್ತದ ವ್ಯಾಸ 0.45 ಮಿ.ಮೀ. ಮಾತ್ರ. ಆದ್ದರಿಂದ ಅದಕ್ಕೆ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿರುವ ಗಾಜಿನ ಅಳತೆಗೋಲು ಅಗತ್ಯ. ಬೀಜಾಣುಗಳ ಗಾತ್ರ ಅಳೆಯುವವರು ಇದನ್ನು ಉಪಕರಣದೊಡನೆಯೇ ಕೊಳ್ಳುವುದು ಒಳಿತು.

ಸೂಕ್ಷ್ಮದರ್ಶಕ ತಯಾರಿಕೆಯಲ್ಲಿ ಹರಿಯಾಣದ ಅಂಬಾಲಾ ಬಹುಕಾಲದಿಂದ ಹೆಸರಾದ ಕೇಂದ್ರ. ಅಲ್ಲಿನ ಸಣ್ಣ ಘಟಕಗಳ ಉಪಕರಣಗಳು ದೇಶದೆಲ್ಲೆಡೆಯ ಶಾಲಾ ಕಾಲೇಜುಗಳಿಗೆ ಸರಬರಾಜಾಗುತ್ತವೆ. ಯಾವ ತಯಾರಿಕೆಯದೇ ಆಗಲಿ, ಬೆಲೆಪಟ್ಟಿ ತರಿಸಿಕೊಳ್ಳುವಾಗ ಪ್ರತಿಯೊಂದು ವಸ್ತು ಮಸೂರದ ವರ್ಧನೆ, ಎನ್.ಎ., ಕೊಳವೆಯ ಪದ್ಧತಿ ಮತ್ತು ನೇತ್ರ ಮಸೂರದ ಕ್ಷೇತ್ರ ಸಂಖ್ಯೆ ಈ ನಾಲ್ಕನ್ನೂ ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ಮಳೆಗಾಲದ ಎಚ್ಚರಿಕೆ

ಬಣಕಲ್, ಕೊಟ್ಟಿಗೆಹಾರ, ಕಳಸದಂತಹ ಪ್ರದೇಶಗಳ ದೀರ್ಘ ಮಳೆಗಾಲದಲ್ಲಿ ತೇವಾಂಶದಿಂದ ಮಸೂರಗಳ ಮೇಲೆಯೇ ಬೂಷ್ಟು ಬೆಳೆಯುವ ಸಂಭವ ಹೆಚ್ಚು. ಒಮ್ಮೆ ಅದು ಗಾಜಿನ ಲೇಪನವನ್ನು ತಿಂದರೆ ಮೊದಲಿನ ಸ್ಪಷ್ಟತೆ ಮರಳುವುದಿಲ್ಲ. ಬಳಸದಿರುವಾಗ ವಸ್ತು ಮತ್ತು ನೇತ್ರ ಮಸೂರಗಳನ್ನು ಕಳಚಿ, ತೇವ ಹೀರುವ ಸಿಲಿಕಾ ಜೆಲ್ ಇರುವ ಬಿಗಿಮುಚ್ಚಳದ ಡಬ್ಬಿಯಲ್ಲಿ ಇರಿಸಬೇಕು. ಜೆಲ್ ಬಣ್ಣಗೆಟ್ಟಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಚರ್ಮದ ಅಥವಾ ಬಟ್ಟೆಯ ಪೆಟ್ಟಿಗೆಯಲ್ಲಿ ಮುಚ್ಚಿಡುವುದರಿಂದ ತೇವ ಉಳಿದು ಹಾನಿಯೇ ಹೆಚ್ಚು.

ತಕ್ಕಡಿಯ ಬೆಲೆ ಅದರ ಗಾತ್ರದಲ್ಲಿಲ್ಲ, ಮುಳ್ಳಿನ ನಿಖರತೆಯಲ್ಲಿದೆ ಎಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಸೂಕ್ಷ್ಮದರ್ಶಕಕ್ಕೂ ಅದೇ ಮಾತು ಸಲ್ಲುತ್ತದೆ. ಎರಡು ಸಂಗಮ ದೂರಗಳು ಎಷ್ಟು ಪಟ್ಟು ಎಂಬುದನ್ನು ನಿರ್ಧರಿಸುತ್ತವೆ. ಎಷ್ಟು ಕಾಣುತ್ತದೆ ಎಂಬುದನ್ನು ವಸ್ತು ಮಸೂರದ ಎನ್.ಎ. ನಿರ್ಧರಿಸುತ್ತದೆ. ಇವೆರಡನ್ನೂ ಕೇಳಿ ತಿಳಿದು ಕೊಳ್ಳುವವರು ಪೆಟ್ಟಿಗೆಯ ಮೇಲಿನ ಅಂಕಿಗೆ ಹಣ ತೆರಬೇಕಾಗಿಲ್ಲ.